ಮೊದಲು ದಡ ಹತ್ತುವ ಜಾಗ ಗೊತ್ತುಮಾಡಿ

ಪ್ರಶ್ನೆ: ನಾವು ಡೆನ್ವರ್‌ನಲ್ಲಿ ನೆಲೆಸಿರುವವರು. ನಾನು, ನನ್ನ ಹೆಂಡತಿ, 14 ಮತ್ತು 11 ವರ್ಷದ ಇಬ್ಬರು ಹೆಣ್ಣುಮಕ್ಕಳು, ಶಿವಮೊಗ್ಗದಿಂದ ಬರಲಿರುವ 66 ವರ್ಷದ ಮಾವನವರು, ಜೊತೆಗೆ ಒಬ್ಬ ಸ್ನೇಹಿತ, ಒಟ್ಟು ಆರು ಮಂದಿ. ಜುಲೈ ರಜೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಒಳಗೆ ನಾಲ್ಕೈದು ದಿನ ದೋಣಿಯಲ್ಲಿ ತೇಲುತ್ತ ಹೋಗಬೇಕು, ರಾತ್ರಿ ನದಿಯ ದಡದಲ್ಲೇ ಮಲಗಬೇಕು ಎಂಬ ಆಸೆ. ಈಜು ಬರುವುದು ನನಗೂ ದೊಡ್ಡ ಮಗಳಿಗೂ ಮಾತ್ರ. ಎಲ್ಲರೂ ಸಸ್ಯಾಹಾರಿಗಳು. ಸಿದ್ಧತೆಯನ್ನು ಎಲ್ಲಿಂದ ಶುರುಮಾಡಬೇಕು? ನದಿಯ ನೀರು ಕುಡಿಯಬಹುದೇ? ಮಾವನವರನ್ನು ಕರೆದೊಯ್ಯುವುದು ಸರಿಯೇ?

ಉತ್ತರ: ನಿಮ್ಮ ಪತ್ರದಿಂದ ಎರಡು ಮಾತುಗಳನ್ನು ಮೊದಲೇ ಹೊಡೆದುಹಾಕುತ್ತೇನೆ, ಬೇಸರಿಸಬೇಡಿ. ಒಂದು ‘ಗ್ರ್ಯಾಂಡ್ ಕ್ಯಾನ್ಯನ್’, ಇನ್ನೊಂದು ‘ಜುಲೈ’. ಉಳಿದದ್ದೆಲ್ಲ ಆಗುವ ಮಾತು, ಮಾವನವರೂ ಸೇರಿ.

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲೊರಾಡೊ ನದಿಗೆ ಇಳಿಯುವುದು ಲೀಸ್ ಫೆರಿಯಲ್ಲಿ. ಅಲ್ಲಿ ದೋಣಿ ಬಿಟ್ಟರೆ ಮತ್ತೆ ವಾಹನದ ರಸ್ತೆ ಸಿಗುವುದು 226 ಮೈಲಿ ಕೆಳಗೆ, ಡೈಮಂಡ್ ಕ್ರೀಕ್‌ನಲ್ಲಿ. ನಡುವೆ ದಡ ಹತ್ತಿ ಹೊರಬರುವ ಕಾಲುದಾರಿಗಳಿವೆ. ಆದರೆ ಕಮರಿಯ ತಳದಲ್ಲಿರುವ ಫ್ಯಾಂಟಮ್ ರಾಂಚ್ ಎಂಬ ತಂಗುದಾಣದ ಬಳಿಯ ಹೆದ್ದಾರಿಯಂಥ ಕಾಲುದಾರಿಯೂ ನಾಲ್ಕು ಸಾವಿರ ಅಡಿಗೂ ಮಿಕ್ಕಿದ ಏರು. ಸ್ವಂತವಾಗಿ ಹೋಗುವವರು ಪರವಾನಗಿಗೆ ಲಾಟರಿ ಹಾಕಬೇಕು, ಅಬ್ಬರದ ನೀರಿನಲ್ಲಿ ದೋಣಿ ನಡೆಸಿದ ಅನುಭವಿಯೊಬ್ಬರು ತಂಡದಲ್ಲಿ ಇರಲೇಬೇಕು, ಹುಟ್ಟು ಹಾಕಿಕೊಂಡು ಹೋಗುವವರಿಗೆ ಎರಡು ವಾರವಾದರೂ ಬೇಕು. ಹಣ ಕೊಟ್ಟು ಕಂಪನಿಗಳ ಜೊತೆ ಹೋಗುವುದು ಬೇರೆ ಮಾತು. ಅಲ್ಲಿ ನೀವು ಪ್ರಯಾಣಿಕರು, ಯೋಜನೆ ಅವರದು. ನಿಮ್ಮ ಪತ್ರದ ಧಾಟಿ ನೋಡಿದರೆ ಯೋಜನೆಯ ರುಚಿಯೇ ನಿಮಗೆ ಬೇಕಾದಂತಿದೆ.

ಹಾಗಾದರೆ ಯೂಟಾಕ್ಕೆ ಹೋಗಿ. ಗ್ರೀನ್ ನದಿಯ ಲ್ಯಾಬಿರಿಂತ್ ಕ್ಯಾನ್ಯನ್ ನಿಮಗೆಂದೇ ಕೊರೆದಿಟ್ಟ ಕಮರಿ. ಗ್ರೀನ್ ರಿವರ್ ಎಂಬ ಪುಟ್ಟ ಊರಿನಿಂದ ಮಿನರಲ್ ಬಾಟಮ್ ಎಂಬ ದಡದವರೆಗೆ 68 ಮೈಲಿ. ಇಷ್ಟು ದೂರದಲ್ಲಿ ದೋಣಿ ಮಗುಚುವಂಥ ಸೆಳವು ಎಂಬುದು ಇಲ್ಲ ಎಂದೇ ಹೇಳಬಹುದು. ನದಿ ಮೈಲಿಗೆ ಒಂದೂವರೆ ಅಡಿಯಷ್ಟು ಇಳಿಜಾರಿನಲ್ಲಿ, ಊಟವಾದ ಮೇಲೆ ಅಂಗಳದಲ್ಲಿ ಅಡ್ಡಾಡುವವರ ಹಾಗೆ ಹರಿಯುತ್ತದೆ. ಎರಡೂ ಕಡೆ ನೂರಾರು ಅಡಿ ಎತ್ತರದ ಕೆಂಪು ಮರಳುಗಲ್ಲಿನ ಗೋಡೆ. ಈ ಕಮರಿಯ ಒಂದು ಭಾಗವನ್ನು 2019ರಲ್ಲಿ ಕಾನೂನು ಮಾಡಿ ಸಂರಕ್ಷಿತ ನಿರ್ಜನ ಪ್ರದೇಶವೆಂದು ಘೋಷಿಸಿದ್ದಾರೆ. ಪರವಾನಗಿ ಬೇಕು, ಆದರೆ ಲಾಟರಿಯಿಲ್ಲ, ಶುಲ್ಕವೂ ಇಲ್ಲ.

ಲ್ಯಾಬಿರಿಂತ್ ಎಂಬ ಹೆಸರನ್ನಿಟ್ಟವರು ಅನ್ವೇಷಕ ಜಾನ್ ವೆಸ್ಲಿ ಪೊವೆಲ್. ಅಮೆರಿಕದ ಅಂತರ್ಯುದ್ಧದ ಶಿಲೋ ಕಾಳಗದಲ್ಲಿ ಬಲಗೈ ಕಳೆದುಕೊಂಡಿದ್ದ ಈ ಮನುಷ್ಯ 1869ರ ಮೇ 24ರಂದು ವ್ಯೋಮಿಂಗ್‌ನಿಂದ ಹತ್ತು ಜನರ ತಂಡ, ನಾಲ್ಕು ದೋಣಿಗಳೊಂದಿಗೆ ಹೊರಟು, ಆಗಸ್ಟ್ 29ರಂದು ಗ್ರ್ಯಾಂಡ್ ಕ್ಯಾನ್ಯನ್ ದಾಟಿ ಹೊರಬಂದಾಗ ಉಳಿದಿದ್ದದ್ದು ಎರಡು ದೋಣಿ, ಆರು ಜನ. ಲ್ಯಾಬಿರಿಂತ್ ಎಂದರೆ ಸುತ್ತಿ ಸುತ್ತಿ ದಿಕ್ಕು ತಪ್ಪಿಸುವ ದಾರಿ. ನಮ್ಮ ಮಾತಿನಲ್ಲಿ ಚಕ್ರವ್ಯೂಹ ಎನ್ನಿ. ಚಕ್ರವ್ಯೂಹ ಎಂದೊಡನೆ ಅಭಿಮನ್ಯು ನೆನಪಾಗುತ್ತಾನಲ್ಲ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅವನ ಕಥೆಯಲ್ಲೇ ಇದೆ. ಒಳಗೆ ಹೋಗುವುದು ಎಲ್ಲರಿಗೂ ಗೊತ್ತು. ಸಿದ್ಧತೆ ಶುರುವಾಗಬೇಕಾದದ್ದು ಹೊರಬರುವ ಕಡೆಯಿಂದ.

ಚಾರಣಕ್ಕೂ ನದಿಯಾನಕ್ಕೂ ಇರುವ ವ್ಯತ್ಯಾಸ ಇಷ್ಟೇ. ಬೆಟ್ಟದಲ್ಲಿ ಸುಸ್ತಾದರೆ, ಮಳೆ ಬಂದರೆ, ಮಗು ಅತ್ತರೆ, ಬಂದ ದಾರಿಯಲ್ಲೇ ತಿರುಗಿ ಹೋಗಬಹುದು. ನದಿಯಲ್ಲಿ ಮೊದಲ ತಿರುವು ದಾಟಿದ ಮೇಲೆ ಹಿಂದಕ್ಕೆ ದಾರಿಯಿಲ್ಲ. ದಾರಿಯಲ್ಲಿ ಸಿಗುವ ರೂಬಿ ರಾಂಚ್ ಎಂಬ ಜಮೀನಿನಿಂದ ಕೆಳಗೆ ಬಹುತೇಕ ಎಲ್ಲ ಕಡೆ ಗೋಡೆ ಹತ್ತಿ ಹೊರಬರಲಾಗದು. ಹತ್ತಿದರೂ ಮೇಲೆ ಸಿಗುವುದು ನೀರಿಲ್ಲದ ಮರುಭೂಮಿ. ಆದ್ದರಿಂದ ನಾನು ಕಾಗದದ ಮೇಲೆ ಮೊದಲು ಬರೆಯುವುದು ಕೊನೆಯ ದಿನದ ಸಾಲನ್ನು: ಐದನೆಯ ದಿನ, ಬೆಳಿಗ್ಗೆ 11 ಗಂಟೆ, ಮಿನರಲ್ ಬಾಟಮ್. ಅಲ್ಲಿಗೆ ನಿಮ್ಮನ್ನೂ ದೋಣಿಗಳನ್ನೂ ಕರೆದೊಯ್ಯಲು ಬಾಡಿಗೆ ವಾಹನ ಬರುತ್ತದೆ. ದೋಣಿ ಬಾಡಿಗೆಗೆ ಕೊಡುವವರೇ ಈ ವ್ಯವಸ್ಥೆಯನ್ನೂ ಮಾಡುತ್ತಾರೆ. ಹತ್ತಿರದ ಮೋಆಬ್ ಊರಿನಲ್ಲಿ ಇಂಥವರು ಹಲವರಿದ್ದಾರೆ. ನಿಮ್ಮ ಖರ್ಚಿನಲ್ಲಿ ದೊಡ್ಡ ಮೊತ್ತ ಇದೇ ಆಗಬಹುದು. ಇಲ್ಲಿ ಚೌಕಾಸಿ ಮಾಡಿ ಸ್ವಂತ ಕಾರನ್ನು ಕೆಳಗಿಳಿಸುತ್ತೇನೆ ಎಂದು ಹೊರಡಬೇಡಿ. ಮಿನರಲ್ ಬಾಟಮ್‌ಗೆ ಇಳಿಯುವುದು ಗೋಡೆಯ ಮೈಯಲ್ಲಿ ಕೊರೆದ ತಿರುವು ಮುರುವಿನ ಮಣ್ಣುರಸ್ತೆ. ಆಗುಂಬೆ ಘಾಟಿಯಿಂದ ಡಾಂಬರನ್ನೂ ತಡೆಗೋಡೆಯನ್ನೂ ತೆಗೆದುಹಾಕಿದರೆ ಹೇಗಿರುತ್ತದೋ ಹಾಗೆ. 2010ರ ಆಗಸ್ಟ್‌ನ ಮಳೆಗೆ ಈ ರಸ್ತೆಯೇ ಕೊಚ್ಚಿಹೋಗಿ, ಮರುವರ್ಷ ದುರಸ್ತಿಯಾಗುವವರೆಗೆ ಮುಚ್ಚಿತ್ತು. ಮಳೆ ಬಿದ್ದ ದಿನ ಅನುಭವಿ ಚಾಲಕರೂ ಕಾಯುತ್ತಾರೆ. ನೀವೂ ಒಂದು ದಿನ ಕಾಯಬೇಕಾಗಬಹುದು ಎಂಬ ಲೆಕ್ಕವನ್ನು ಈಗಲೇ ಊಟಕ್ಕೂ ನೀರಿಗೂ ಸೇರಿಸಿಬಿಡಿ.

ಅಲ್ಲಿಂದ ಹಿಂದಕ್ಕೆ ಬನ್ನಿ. ಈ ನದಿಯ ನಕಾಶೆಯಲ್ಲಿ ಮೈಲಿಗಳನ್ನು ಎಣಿಸುವುದೂ ಕೆಳಗಿನಿಂದಲೇ. ಗ್ರೀನ್ ಮತ್ತು ಕೊಲೊರಾಡೊ ಸಂಗಮವೇ ಸೊನ್ನೆ. ಮಿನರಲ್ ಬಾಟಮ್ 52ನೇ ಮೈಲಿ, ರೂಬಿ ರಾಂಚ್ 97, ಗ್ರೀನ್ ರಿವರ್ ಊರು 120. ಊರಿನಿಂದ ರೂಬಿ ರಾಂಚ್‌ವರೆಗಿನ 23 ಮೈಲಿ ಬಯಲು, ಗೋಡೆಗಳಿಲ್ಲ, ನೆರಳಿಲ್ಲ. ಮೊದಲ ಸಲ ಬರುವವರು ಅದನ್ನು ಬಿಟ್ಟರೆ ನಷ್ಟವಿಲ್ಲ. ರೂಬಿ ರಾಂಚ್ ಖಾಸಗಿ ಜಮೀನು. ಸ್ವಲ್ಪ ಹಣ ಕೊಟ್ಟರೆ ದೋಣಿ ಇಳಿಸಲು ಬಿಡುತ್ತಾರೆ. ಅಲ್ಲಿಂದ 45 ಮೈಲಿ, ಐದು ದಿನ.

ಕೊನೆಯ ದಿನ 11 ಗಂಟೆಗೆ ದಡದಲ್ಲಿರಬೇಕಾದರೆ ನಾಲ್ಕನೆಯ ರಾತ್ರಿ 57ನೇ ಮೈಲಿಯ ಆಸುಪಾಸಿನಲ್ಲಿ ಮಲಗಿರಬೇಕು. ಆಗ ಬೆಳಿಗ್ಗೆ ಐದೇ ಮೈಲಿ, ಗಾಳಿ ಏಳುವ ಮೊದಲೇ ಮುಗಿಯುತ್ತದೆ. ಮೂರನೆಯ ರಾತ್ರಿ 67ರಲ್ಲಿ, ಎರಡನೆಯದು 78ರಲ್ಲಿ, ಮೊದಲನೆಯದು 89ರಲ್ಲಿ. ಮೊದಲ ದಿನ ಸಾಮಾನು ಕಟ್ಟಿ ಹೊರಡುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ (ಎಷ್ಟೇ ಬೇಗ ಎದ್ದರೂ ಆಗುತ್ತದೆ, ನನ್ನ ಮಾತು ನಂಬಿ), ಆದ್ದರಿಂದ ಅಂದು ಎಂಟೇ ಮೈಲಿ. ಉಳಿದ ದಿನ ಹತ್ತು, ಹನ್ನೊಂದು. ಬೆಳಿಗ್ಗೆ ಏಳಕ್ಕೆ ಹೊರಟರೆ ನಾಲ್ಕೈದು ಗಂಟೆಗಳ ಕೆಲಸ. ಈ ಅಂಕಿಗಳೇನೂ ಶಾಸನವಲ್ಲ. 78ರಲ್ಲಿ ಒಳ್ಳೆಯ ದಡದಲ್ಲಿ ಬೇರೆಯವರಿದ್ದರೆ ಒಂದು ಮೈಲಿ ಕೆಳಗೆ ಹೋಗಿ. ಆದರೆ ಪ್ರತಿ ಸಂಜೆ ‘ದಡಕ್ಕೆ ಇನ್ನೆಷ್ಟು ಮೈಲಿ, ಇನ್ನೆಷ್ಟು ಬೆಳಗುಗಳು’ ಎಂದು ಕೇಳಿಕೊಳ್ಳುವ ಅಭ್ಯಾಸವಿರಲಿ.

ಬೆಳಗುಗಳು ಎಂದು ಬೇಕೆಂದೇ ಬರೆದೆ. ಹೊಸಬರು ‘ತೇಲಿಕೊಂಡು ಹೋಗುವುದು’ ಎಂಬ ಮಾತನ್ನು ನಂಬಿ ಕೆಡುತ್ತಾರೆ. ನದಿ ಗಂಟೆಗೆ ಮೂರೋ ನಾಲ್ಕೋ ಕಿಲೋಮೀಟರ್ ಒಯ್ಯುತ್ತದೆ, ನಿಜ. ಆದರೆ ಮಧ್ಯಾಹ್ನ ಬಂಡೆಗಳು ಕಾದ ಮೇಲೆ ಕಮರಿಯೊಳಗೆ ಕೆಳಗಿನಿಂದ ಮೇಲಕ್ಕೆ, ಅಂದರೆ ನಿಮ್ಮ ಮುಖಕ್ಕೇ, ಗಾಳಿ ಬೀಸತೊಡಗುತ್ತದೆ. ಆಗ ಹುಟ್ಟು ಹಾಕುವುದನ್ನು ನಿಲ್ಲಿಸಿದರೆ ದೋಣಿ ಹೊಳೆಗೆ ಎದುರಾಗಿ ಮೇಲಕ್ಕೆ ಹೋಗುತ್ತದೆ. ನನ್ನ ಮೊದಲ ಯಾನದಲ್ಲಿ ಹೀಗೇ ಆಯಿತು. ಬೆಳಿಗ್ಗೆ ಹತ್ತರವರೆಗೆ ಕಾಫಿ ಕುಡಿದು, ಫೋಟೊ ತೆಗೆದು, ಆಮೇಲೆ ಹೊರಟು, ದಿನಕ್ಕೆ ನಾಲ್ಕು ಮೈಲಿಯೂ ಸಾಗಲಿಲ್ಲ. ಕೊನೆಯ ದಿನ ಆರು ಗಂಟೆ ತಡವಾಗಿ ದಡ ಹತ್ತಿದಾಗ, ಕಾದು ಕುಳಿತಿದ್ದ ಚಾಲಕ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಗಾಳಿ ಬಂದಾಗ ತೂರಿಕೋ ಎಂದರು ನಮ್ಮ ಹಿರಿಯರು. ಗ್ರೀನ್ ನದಿಯಲ್ಲಿ ಗಾಳಿ ಬಂದಾಗ ದೋಣಿಯನ್ನು ದಡಕ್ಕೆ ಕಟ್ಟಿಕೋ. ಕತ್ತಲೆ ಇರುವಾಗಲೇ ಎದ್ದು, ಮಧ್ಯಾಹ್ನದೊಳಗೆ ಬಿಡಾರ ಸೇರಿ, ಉಳಿದ ದಿನವನ್ನು ನೆರಳಿಗೂ ನಡಿಗೆಗೂ ಕೊಡಿ.

ಇನ್ನು ತಿಂಗಳು. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಹಗಲು 38 ಡಿಗ್ರಿ ದಾಟುವುದು ಮಾಮೂಲು. ಅದಕ್ಕಿಂತ ಮುಖ್ಯವಾಗಿ ಆ ಎರಡು ತಿಂಗಳು ಮತ್ತು ಸೆಪ್ಟೆಂಬರ್‌ನ ಮೊದಲ ಭಾಗ ಆ ಸೀಮೆಯ ಮಳೆಗಾಲ. ನಮ್ಮ ಮುಂಗಾರಿನಂತೆ ಹಿಡಿದ ಮಳೆಯಲ್ಲ. ಎಲ್ಲೋ ಇಪ್ಪತ್ತು ಮೈಲಿ ಆಚೆ ಅರ್ಧ ಗಂಟೆ ಸುರಿಯುತ್ತದೆ, ನಿಮ್ಮ ತಲೆಯ ಮೇಲೆ ನೀಲಿ ಆಕಾಶವೇ ಇರುತ್ತದೆ, ಆದರೆ ಬೋಳು ಬಂಡೆ ಒಂದು ಹನಿಯನ್ನೂ ಕುಡಿಯದೆ ಎಲ್ಲವನ್ನೂ ಅಡ್ಡ ಕಮರಿಯೊಳಗೆ ದೂಡುತ್ತದೆ. ಅದಕ್ಕೇ ಅಡ್ಡ ಕಮರಿಗಳ ಬಾಯಲ್ಲಿ ಡೇರೆ ಹಾಕಬಾರದು, ಎಷ್ಟೇ ಚಂದದ ಮರಳು ಹಾಸಿದ್ದರೂ ಸರಿ. ಆ ಮರಳನ್ನು ಅಲ್ಲಿ ತಂದು ಹಾಸಿದ್ದು ಯಾರೆಂದು ಯೋಚಿಸಿ.

ಮೇ ಕೊನೆಯಿಂದ ಜೂನ್‌ವರೆಗೆ ಹಿಮ ಕರಗಿದ ನೀರು ಬರುತ್ತದೆ. ಮೇಲೆ 1964ರಲ್ಲಿ ಮುಗಿದ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟು ಇದೆ. ಆದರೆ ಅದರ ಕೆಳಗೆ ಗ್ರೀನ್‌ಗೆ ಸೇರುವ ಯಾಂಪಾ ನದಿಗೆ ದೊಡ್ಡ ಅಣೆಕಟ್ಟಿಲ್ಲ, ಹಾಗಾಗಿ ವಸಂತದ ಪ್ರವಾಹ ಇಂದಿಗೂ ಬರುತ್ತದೆ. ನೀರಿನ ಅಳತೆಯನ್ನು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರು ಗ್ರೀನ್ ರಿವರ್ ಊರಿನ ಬಳಿ ಅಳೆದು ದಿನವೂ ಪ್ರಕಟಿಸುತ್ತಾರೆ, ಸೆಕೆಂಡಿಗೆ ಇಷ್ಟು ಘನ ಅಡಿ ಎಂದು. ಕೆಆರ್‌ಎಸ್‌ನ ಒಳಹರಿವು, ಹೊರಹರಿವು ಓದಿ ಬೆಳೆದ ನಮಗೆ ಕ್ಯುಸೆಕ್ ಹೊಸದಲ್ಲ, ಅದೇ ಇದು. ನೀರು ತುಂಬಿದ ವರ್ಷ ಜೂನ್‌ನಲ್ಲಿ ಇಪ್ಪತ್ತು ಸಾವಿರ ಕ್ಯುಸೆಕ್ ಮುಟ್ಟುವ ನದಿ ಸೆಪ್ಟೆಂಬರ್ ಕೊನೆಗೆ ಎರಡು, ಮೂರು ಸಾವಿರಕ್ಕೆ ಇಳಿದಿರುತ್ತದೆ. ತುಂಬಿದಾಗ ವೇಗ ಹೆಚ್ಚು, ಆದರೆ ಮರಳ ದಿಬ್ಬಗಳೆಲ್ಲ ಮುಳುಗಿ, ದಡದಲ್ಲಿ ಗೋಡೆಯಂತೆ ಬೆಳೆದಿರುವ ಟ್ಯಾಮರಿಸ್ಕ್ ಎಂಬ ಪರದೇಶಿ ಪೊದೆ ನಿಮ್ಮನ್ನು ಇಳಿಯಲು ಬಿಡುವುದಿಲ್ಲ. ನೀರು ಇಳಿಯುತ್ತಿದ್ದಂತೆ ಸೊಳ್ಳೆ. ಆ ಸೊಳ್ಳೆಗಳ ಬಗ್ಗೆ ಹೆಚ್ಚು ಬರೆದರೆ ನೀವು ಹೊರಡುವುದೇ ಇಲ್ಲ.

ಆದ್ದರಿಂದ ಸೆಪ್ಟೆಂಬರ್ ಕೊನೆಯ ವಾರ ಅಥವಾ ಅಕ್ಟೋಬರ್ ಮೊದಲ ವಾರ. ಶಾಲೆಗೆ ಮೂರು ದಿನ ರಜೆ ಹಾಕಿಸಿ, ನಷ್ಟವೇನಿಲ್ಲ. ಹಗಲು ಹಿತ, ರಾತ್ರಿ ಚಳಿ, ಮರಳ ದಿಬ್ಬಗಳು ಹೊರಬಂದಿರುತ್ತವೆ, ಹತ್ತಿಮರದ ಜಾತಿಯೆಂದು ಹೆಸರಿನಿಂದ ಮೋಸಗೊಳಿಸುವ ಕಾಟನ್‌ವುಡ್ ಎಲೆಗಳು ಹಳದಿಯಾಗತೊಡಗಿರುತ್ತವೆ. ತೊಂದರೆ ಒಂದೇ, ನೀರು ತೆಳು. ದೋಣಿ ಮರಳಿಗೆ ತಗುಲಿ ನಿಲ್ಲುತ್ತದೆ. ತಿರುವಿನ ಹೊರಮಗ್ಗುಲಲ್ಲಿ ನೀರು ಆಳ, ಒಳಮಗ್ಗುಲಲ್ಲಿ ಮರಳು ಎಂಬ ಒಂದು ಸೂತ್ರ ಮಕ್ಕಳಿಗೆ ಹೇಳಿಕೊಡಿ; ಮುಂದಿನ ದೋಣಿಯಲ್ಲಿ ಕೂತು ದಾರಿ ಹುಡುಕುವ ಕೆಲಸ 14ರವಳಿಗೆ ವಹಿಸಿ. ಎರಡನೆಯ ದಿನದ ಹೊತ್ತಿಗೆ ನಿಮಗಿಂತ ಚೆನ್ನಾಗಿ ಹೊಳೆ ಓದುತ್ತಾಳೆ.

ನೀರಿನ ಪ್ರಶ್ನೆಗೆ ಬರುತ್ತೇನೆ. ದಾರಿಯಲ್ಲಿ ಕುಡಿಯುವ ನೀರು ಎಲ್ಲೂ ಸಿಗುವುದಿಲ್ಲ ಎಂದೇ ತಿಳಿಯಿರಿ. ನದಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದೆ, ಅಷ್ಟು ಹೂಳು. ಸೋಸುವ ಉಪಕರಣವನ್ನು ನೇರವಾಗಿ ಇಳಿಬಿಟ್ಟರೆ ಹತ್ತು ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಎಂಬುದು ಅಲ್ಲಿನ ಸಾಮಾನ್ಯ ಲೆಕ್ಕ. ಆರು ಜನ, ಐದು ದಿನ, ಮೇಲೊಂದು ಕಾಯುವ ದಿನ: 144 ಲೀಟರ್. ಅಂದರೆ 20 ಲೀಟರಿನ ಏಳು ಕ್ಯಾನ್, ಜೊತೆಗೆ ಕೈಯಲ್ಲಿನ ಬಾಟಲಿಗಳು. ಮೂರು ದೋಣಿಗಳಿಗೆ ಹಂಚಿ. ಎಲ್ಲ ನೀರನ್ನೂ ಒಂದೇ ದೋಣಿಯಲ್ಲಿಟ್ಟು ಅದೇ ಮಗುಚಿದರೆ ಏನು ಗತಿ? ಭಾರವೆಂದು ಹೆದರಬೇಡಿ, ಹೊರುವುದು ಹೊಳೆ.

ಪಾತ್ರೆ ತೊಳೆಯಲು, ಮುಖ ತೊಳೆಯಲು ನದಿಯ ನೀರೇ ಸಾಕು, ಮತ್ತು ಇಲ್ಲಿ ನಿಮ್ಮ ಅಜ್ಜಿಯ ವಿದ್ಯೆ ಕೆಲಸಕ್ಕೆ ಬರುತ್ತದೆ. ಸಂಜೆ ಬಕೆಟ್ ತುಂಬಿ, ಚಿಟಿಕೆ ಪಟಿಕದ ಪುಡಿ ಹಾಕಿ ಕದಡಿ ಬಿಡಿ. ಬೆಳಿಗ್ಗೆ ಹೂಳೆಲ್ಲ ತಳಕ್ಕೆ ಕೂತು ಮೇಲೆ ತಿಳಿನೀರು. ಕೆರೆಯ ಕೆಂಪು ನೀರಿಗೆ ನಮ್ಮ ಹಳ್ಳಿಗಳಲ್ಲಿ ಮಾಡುತ್ತಿದ್ದದ್ದು ಇದೇ, ಅಲ್ಲಿನ ಹಳೆಯ ನದಿಯಾತ್ರಿಗಳು ಮಾಡುವುದೂ ಇದೇ. ನನಗೆ ಮೊದಲ ಸಲ ಒಬ್ಬರು ದೊಡ್ಡ ಗುಟ್ಟೆಂಬಂತೆ ಇದನ್ನು ಹೇಳಿಕೊಟ್ಟಾಗ ನಗು ತಡೆಯಲಾಗಲಿಲ್ಲ. ತಿಳಿಯಾದ ಮಾತ್ರಕ್ಕೆ ಕುಡಿಯಬಹುದು ಎಂದಲ್ಲ. ಕುಡಿಯಲೇಬೇಕಾದ ಪ್ರಸಂಗ ಬಂದರೆ ಈ ತಿಳಿನೀರನ್ನು ಸೋಸಿ, ಕುದಿಸಿ ಕುಡಿಯಿರಿ.

ಈಗ ಯಾರೂ ಕೇಳದ, ಎಲ್ಲರಿಗೂ ಬೇಕಾದ ವಿಷಯ: ಶೌಚ. ಈ ಕಮರಿಯಲ್ಲಿ ಗುಂಡಿ ತೋಡಿ ಮುಚ್ಚುವಂತಿಲ್ಲ. ಮಳೆಯಿಲ್ಲದ ಮಣ್ಣಿನಲ್ಲಿ ಅದು ಕೊಳೆಯುವುದಿಲ್ಲ, ದಡಗಳೂ ಕೆಲವೇ. ಆರು ಜನರ ಐದು ದಿನದ ಮಲವನ್ನು ಭದ್ರವಾಗಿ ಮುಚ್ಚುವ ಡಬ್ಬಿಯಲ್ಲಿ ಹೊತ್ತು ಹೊರಗೆ ತರಬೇಕು. ಇದು ಕಾನೂನು, ಡಬ್ಬಿ ಇಲ್ಲದೆ ನದಿಗೆ ಇಳಿಯುವಂತಿಲ್ಲ. ಆ ಡಬ್ಬಿಗೆ ನದಿಯವರ ಹೆಸರು ‘ಗ್ರೂವರ್’. ಹಿಂದೆ ಸೈನ್ಯದ ಮದ್ದುಗುಂಡಿನ ಹಳೆಯ ಪೆಟ್ಟಿಗೆಗಳನ್ನು ಇದಕ್ಕೆ ಬಳಸುತ್ತಿದ್ದರು. ಆಸನವಿಲ್ಲದೆ ಅದರ ಅಂಚಿನ ಮೇಲೆ ಕೂತವರ ಮೈಯಲ್ಲಿ ಎರಡು ಗೆರೆ ಮೂಡುತ್ತಿದ್ದವು, ಹೆಸರು ಅಲ್ಲಿಂದ ಬಂತು. ಈಗ ಸರಿಯಾದ ಆಸನ ಇರುವ ಡಬ್ಬಿಗಳು ದೋಣಿಯ ಜೊತೆಗೇ ಬಾಡಿಗೆಗೆ ಸಿಗುತ್ತವೆ. ಬಿಡಾರದಿಂದ ದೂರ, ಹೊಳೆ ಕಾಣುವ ಜಾಗದಲ್ಲಿ ಇಡಿ. ಅದನ್ನು ದಿನವೂ ಇಳಿಸುವುದು, ಕಟ್ಟುವುದು ಯಾರ ಸರದಿ ಎಂದು ಡೆನ್ವರ್ ಬಿಡುವ ಮೊದಲೇ ತೀರ್ಮಾನಿಸಿ. ನದಿಯ ಮೇಲೆ ಸ್ನೇಹ ಕೆಡುವುದು ಇಂಥ ವಿಷಯಕ್ಕೇ. ಡಬ್ಬಿಯೊಳಗೆ ನೀರು ಹಾಕಿದರೆ ಬೇಗ ತುಂಬುತ್ತದೆ, ಆದ್ದರಿಂದ ತೊಳೆದುಕೊಳ್ಳುವವರು ಆಮೇಲೆ ಬೇರೆಡೆ, ಹೊಳೆಯಂಚಿನ ಒದ್ದೆ ಮರಳಿನಲ್ಲಿ ತೊಳೆದುಕೊಳ್ಳದೆ ಕಾಗದಕ್ಕೆ ಹೊಂದಿಕೊಳ್ಳುವುದೇ ವಾಸಿ. ಮಾವನವರಿಗೆ ಇದು ಕಷ್ಟವಾಗುತ್ತದೆ, ಗೊತ್ತು. ಒದ್ದೆ ಮಾಡಿದ ಬಟ್ಟೆ ಕಾಗದದ ಪೊಟ್ಟಣ ಜೊತೆಗಿರಲಿ, ಅದೂ ಕಸದ ಚೀಲದಲ್ಲಿ ಹೊರಗೆ ಬರಬೇಕು.

ಮೂತ್ರದ ಮಾತು ಇನ್ನೂ ವಿಚಿತ್ರ. ನದಿಯನ್ನು ತಾಯಿ ಎನ್ನುವ ನಮಗೆ ಇದನ್ನು ಹೇಳುವುದಕ್ಕೇ ನಾಲಿಗೆ ತಡವರಿಸುತ್ತದೆ: ಅಲ್ಲಿನ ನಿಯಮ ಹೊಳೆಯಲ್ಲೇ ಮಾಡಿ ಎನ್ನುತ್ತದೆ. ದಡದ ಮರಳನ್ನು ತೊಳೆಯುವ ಮಳೆ ಇಲ್ಲ. ನೂರಾರು ತಂಡಗಳು ಅದೇ ದಿಬ್ಬಗಳಲ್ಲಿ ಮಲಗುತ್ತವೆ, ಒಂದೇ ತಿಂಗಳಲ್ಲಿ ನಾರತೊಡಗುತ್ತದೆ. ಸೆಕೆಂಡಿಗೆ ಸಾವಿರಾರು ಘನ ಅಡಿ ಹರಿಯುವ ಕೆಸರು ನೀರಿಗೆ ಅದು ಲೆಕ್ಕಕ್ಕಿಲ್ಲ. ಪಾತ್ರೆ ತೊಳೆದ ನೀರೂ ಹಾಗೆಯೇ: ಜರಡಿಯಲ್ಲಿ ಸೋಸಿ, ಅನ್ನದ ಅಗುಳು ಕಸದ ಚೀಲಕ್ಕೆ, ನೀರು ಹೊಳೆಗೆ.

ಬೆಂಕಿ ಹಾಕುವುದಾದರೆ ಲೋಹದ ತಟ್ಟೆಯಲ್ಲೇ, ಬೂದಿಯನ್ನೂ ಹೊತ್ತು ತರಬೇಕು. ನಾನಂತೂ ಗ್ಯಾಸ್ ಒಲೆಯಲ್ಲೇ ಮುಗಿಸುತ್ತೇನೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಾದ ನಿಮಗೆ ಅದೃಷ್ಟವೇ ಜಾಸ್ತಿ. ಬೇರೆ ತಂಡಗಳು ಮಾಂಸ ಕೆಡದಿರಲೆಂದು ದೊಡ್ಡ ಐಸ್ ಪೆಟ್ಟಿಗೆ ಹೊತ್ತು ಒದ್ದಾಡುವಾಗ ನೀವು ಖಡಕ್ ಜೋಳದ ರೊಟ್ಟಿಯ ಕಟ್ಟು ಬಿಚ್ಚಿ ಕೂರಬಹುದು. ಆ ಒಣ ಹವೆಯಲ್ಲಿ ರೊಟ್ಟಿ ತಿಂಗಳಾದರೂ ಮೆತ್ತಗಾಗದು. ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಹುರಿದ ರವೆಗೆ ಒಗ್ಗರಣೆ ಬೆರೆಸಿಟ್ಟ ಉಪ್ಪಿಟ್ಟಿನ ಮಿಶ್ರಣ, ಅವಲಕ್ಕಿ, ಹುರಿಹಿಟ್ಟು. ಬೆಳಗಿನ ತಿಂಡಿಗೆ ಒಲೆಯನ್ನೇ ಹಚ್ಚದಂಥದ್ದು ಇರಲಿ, ಗಾಳಿಗಿಂತ ಮೊದಲು ಹೊರಡಬೇಕಲ್ಲ. ಅನ್ನಕ್ಕೆ ಸಣ್ಣ ಕುಕ್ಕರ್ ಒಯ್ಯಿರಿ, ನೀರೂ ಗ್ಯಾಸೂ ಉಳಿಯುತ್ತವೆ. ಮೊಸರು ಮೊದಲ ಎರಡು ದಿನಕ್ಕೆ ಮಾತ್ರ; ಆಮೇಲೆ ಮೊಸರನ್ನದ ಆಸೆಯಾದರೆ ಮಜ್ಜಿಗೆ ಮೆಣಸನ್ನು ಕರಿದು ಸಮಾಧಾನ ಮಾಡಿಕೊಳ್ಳಿ. ಉಪ್ಪು, ಸಕ್ಕರೆ ಬೆರೆತ ಪಾನಕದ ಪುಡಿ ಧಾರಾಳವಾಗಿರಲಿ, ಬರೀ ನೀರು ಕುಡಿದು ಬೆವರುವವರಿಗೆ ತಲೆ ತಿರುಗುತ್ತದೆ.

ದೋಣಿ ಯಾವುದು? ಆರು ಜನಕ್ಕೆ ಒಂದೇ ದೊಡ್ಡ ರಬ್ಬರ್ ರಾಫ್ಟ್ ನೋಡಲು ಸುರಕ್ಷಿತವಾಗಿ ಕಾಣುತ್ತದೆ. ಆದರೆ ಇಳಿಜಾರಿಲ್ಲದ ನೀರಿನಲ್ಲಿ ಅದಕ್ಕೆ ಎದುರುಗಾಳಿ ಸಿಕ್ಕರೆ ಹಾಯಿ ಬಿಚ್ಚಿದಂತೆ. ನನ್ನ ಆಯ್ಕೆ 17 ಅಡಿಯ, ಕಿರಿದಾದ ಮೂರು ಕನೂ ದೋಣಿಗಳು. ಒಂದೊಂದರಲ್ಲಿ ಇಬ್ಬರು, ಹಿಂದೆ ಕೂತು ದಿಕ್ಕು ಹಿಡಿಯುವವರು ನೀವು, ನಿಮ್ಮ ಹೆಂಡತಿ, ನಿಮ್ಮ ಸ್ನೇಹಿತ. ಕಿರಿಯವಳು ನಿಮ್ಮ ಮುಂದೆ, ಹಿರಿಯವಳು ಅಮ್ಮನ ಮುಂದೆ, ಮಾವನವರು ಸ್ನೇಹಿತರ ಮುಂದೆ. ಹೊರಡುವ ಮುನ್ನ ಡೆನ್ವರ್ ಸುತ್ತಲಿನ ಯಾವುದಾದರೂ ಕೆರೆಯಲ್ಲಿ ಎರಡು ಭಾನುವಾರ ಅಭ್ಯಾಸ ಮಾಡಿ. ನೇರ ಹೋಗುವುದು, ತಿರುಗುವುದು, ದಡ ಸೇರುವುದು, ಇಷ್ಟು ಬಂದರೆ ಸಾಕು. ತುಂಗೆಯಲ್ಲಿ ಹರಿಗೋಲು ನೋಡಿದವರಿಗೆ ಹುಟ್ಟಿನ ಮರ್ಮ ಬೇಗ ಹತ್ತುತ್ತದೆ ಎಂದು ನಾನು ನಂಬಿದ್ದೇನೆ, ಪುರಾವೆಯೇನೂ ಇಲ್ಲ.

ಈಜು ಬಾರದಿರುವುದು ಯಾನಕ್ಕೆ ಅಡ್ಡಿಯಲ್ಲ, ಜೀವರಕ್ಷಕ ಜಾಕೆಟ್ ತೊಡದಿರುವುದು ಅಡ್ಡಿ. ನೀರಿನಿಂದ ಹತ್ತು ಹೆಜ್ಜೆಯೊಳಗೆ ಯಾರ ಮೈಮೇಲೂ ಜಾಕೆಟ್ ಬಿಚ್ಚಿರಬಾರದು, ಈಜು ಬಲ್ಲ ನೀವೂ ಸೇರಿ. ದಡದಲ್ಲಿ ಕಾಲಿಡುವ ಮುನ್ನ ಹುಟ್ಟಿನಿಂದ ಚುಚ್ಚಿ ನೋಡಿ. ಗಟ್ಟಿ ಎಂದು ಕಾಣುವ ಕೆಸರು ಮೊಣಕಾಲವರೆಗೆ ನುಂಗಿ ಚಪ್ಪಲಿಯನ್ನು ಇಟ್ಟುಕೊಂಡುಬಿಡುತ್ತದೆ. ರಾತ್ರಿ ದೋಣಿಗಳನ್ನು ಪೂರ್ತಿ ದಡದ ಮೇಲೆಳೆದು, ಬೋರಲು ಹಾಕಿ, ಒಂದಕ್ಕೊಂದು ಕಟ್ಟಿ, ಹಗ್ಗವನ್ನು ಮರಕ್ಕೆ ಬಿಗಿಯಿರಿ. ಮೇಲೆಲ್ಲೋ ಮಳೆಯಾಗಿ ರಾತ್ರೋರಾತ್ರಿ ನೀರೇರುವುದುಂಟು. ದೋಣಿ ಹೋದರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ.

ಮೊಬೈಲ್ ಅಲ್ಲಿ ಬರೀ ಕ್ಯಾಮೆರಾ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನವನ್ನು ಬಾಡಿಗೆಗಾದರೂ ತನ್ನಿ, ಮತ್ತು ನಿಮ್ಮ ದಿನವಾರು ಮೈಲಿಗಳ ಪಟ್ಟಿಯನ್ನು ಊರಲ್ಲಿರುವ ಒಬ್ಬರ ಕೈಗೆ ಕೊಟ್ಟು ಹೋಗಿ.

ದಾರಿಯಲ್ಲಿ ನೋಡಬೇಕಾದದ್ದನ್ನು ಪೂರ್ತಿ ಹೇಳಿ ಸ್ವಾರಸ್ಯ ಕೆಡಿಸುವುದಿಲ್ಲ, ನಾಲ್ಕನ್ನು ಮಾತ್ರ ಹೇಳುತ್ತೇನೆ. 90ನೇ ಮೈಲಿಯ ಹತ್ತಿರ ಟ್ರಿನ್ ಆಲ್ಕೋವ್, ಮೂರು ಅಡ್ಡ ಕಮರಿಗಳು ಒಂದೇ ಕಡೆ ಬಾಯಿ ತೆರೆಯುವ ಜಾಗ. ನಿಮ್ಮ ಮೊದಲ ರಾತ್ರಿ ಅದರ ಸನಿಹದಲ್ಲೇ. ಆಮೇಲೆ 70ರ ಆಸುಪಾಸಿನಲ್ಲಿ ಬೋನಾಟ್ ಬೆಂಡ್. ಇಲ್ಲಿ ನದಿ ಏಳು ಮೈಲಿ ಸುತ್ತು ಹಾಕಿ, ಹೊರಟ ಜಾಗದಿಂದ ಕಾಲು ಮೈಲಿ ದೂರಕ್ಕೇ ಬಂದು ಸೇರುತ್ತದೆ. ಸುತ್ತು ಶುರುವಾಗುವ ಮೊದಲು ದೋಣಿ ಕಟ್ಟಿ, ನಡುವಿನ ಕಿರಿದಾದ ಬೆನ್ನನ್ನು ಹತ್ತಿದರೆ ಎರಡೂ ಕಡೆ ಅದೇ ಹೊಳೆ ಕಾಣುತ್ತದೆ: ಬಲಗಡೆ ಇಂದಿನದು, ಎಡಗಡೆ ನಾಳಿನದು ಎಂದು ಮಕ್ಕಳಿಗೆ ತೋರಿಸಬಹುದು. ದಾರಿ ಕಡಿದು, ಮಾವನವರು ಕೆಳಗೆ ನೆರಳಲ್ಲಿ ಕೂರಲಿ. ಇದಕ್ಕೂ ಮೇಲೆ ಹೇ ಜೋ ಎಂಬ ಅಡ್ಡ ಕಮರಿಯಲ್ಲಿ ಹಳೆಯ ಯುರೇನಿಯಂ ಗಣಿಯ ತುಕ್ಕು ಹಿಡಿದ ಯಂತ್ರಗಳಿವೆ. ನೋಡಿ, ಆದರೆ ಸುರಂಗದೊಳಗೆ ತಲೆಯನ್ನೂ ಹಾಕಬೇಡಿ. ಕೊನೆಯದು ಹೆಲ್ ರೋರಿಂಗ್ ಕ್ಯಾನ್ಯನ್, ನಿಮ್ಮ ಕೊನೆಯ ಬೆಳಗಿನ ದಾರಿಯಲ್ಲೇ. ತುಪ್ಪಳದ ವ್ಯಾಪಾರಿ ಡೆನಿಸ್ ಜೂಲಿಯೆನ್ 1836ರ ಮೇ 3ರಂದು ತನ್ನ ಹೆಸರನ್ನೂ ಪಟಸ್ತಂಭವಿರುವ ಒಂದು ದೋಣಿಯ ಚಿತ್ರವನ್ನೂ ಬಂಡೆಯಲ್ಲಿ ಕೊರೆದಿದ್ದಾನೆ, ಪೊವೆಲ್‌ಗಿಂತ 33 ವರ್ಷ ಮೊದಲು. ಅವನು ಕೆತ್ತಿದ್ದು ಇತಿಹಾಸ, ನೀವು ಕೆತ್ತಿದರೆ ದಂಡ. ಅಲ್ಲಲ್ಲಿ ಬಂಡೆಯ ಸಂದಿನಲ್ಲಿ ಮೂಲನಿವಾಸಿಗಳ ಕಲ್ಲು ಮಣ್ಣಿನ ಕಣಜಗಳು ಕಂಡರೂ ಕೈ ತಾಗಿಸದೆ ನೋಡಿ ಬನ್ನಿ.

ಮಿನರಲ್ ಬಾಟಮ್ ಎಡದಡದಲ್ಲಿದೆ. 54ನೇ ಮೈಲಿಯಿಂದಲೇ ಎಡಕ್ಕೆ ಅಂಟಿಕೊಂಡು ಬನ್ನಿ. ‘ಇಷ್ಟು ಚೆನ್ನಾಗಿದೆ, ಇನ್ನೂ ಮುಂದೆ ಹೋಗೋಣ’ ಎಂದು ಆ ಹೊತ್ತಿಗೆ ಯಾರಾದರೂ ಅಂದೇ ಅನ್ನುತ್ತಾರೆ. ಮುಂದಿನ 52 ಮೈಲಿ ಸ್ಟಿಲ್‌ವಾಟರ್ ಕ್ಯಾನ್ಯನ್, ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದೊಳಗೇ ಬಹುಪಾಲು. ಅದಕ್ಕೆ ಬೇರೆಯೇ ಪರವಾನಗಿ, ಅದಕ್ಕೆ ಶುಲ್ಕವೂ ಇದೆ. ಅದರ ಕೊನೆಯಲ್ಲಿ ರಸ್ತೆಯೇ ಇಲ್ಲ, ಮುಂಚೆಯೇ ಗೊತ್ತುಮಾಡಿದ ಮೋಟಾರು ದೋಣಿ ಬಂದು ಕೊಲೊರಾಡೊ ನದಿಯಲ್ಲಿ ಮೇಲಕ್ಕೆ ಮೋಆಬ್‌ಗೆ ಒಯ್ಯಬೇಕು. ಅದನ್ನು ತಪ್ಪಿಸಿಕೊಂಡವರಿಗೆ ಸಂಗಮದಿಂದ ನಾಲ್ಕೇ ಮೈಲಿ ಕೆಳಗೆ ಕ್ಯಾಟರಾಕ್ಟ್ ಕ್ಯಾನ್ಯನ್‌ನ ಭೋರ್ಗರೆತ ಕಾದಿದೆ, ಅದು ಕನೂ ದೋಣಿಯ ಜಾಗವಲ್ಲ. ಬೇಕಿದ್ದರೆ ಮುಂದಿನ ವರ್ಷ ಅದಕ್ಕೇ ಬೇರೆ ಕಾಗದ ತೆಗೆದು, ಆ ಸಂಗಮದಿಂದ ಹಿಂದಕ್ಕೆ ಬರೆಯುತ್ತ ಬನ್ನಿ.

ಮಾವನವರ ವಿಷಯ ಕೊನೆಗೆ ಉಳಿಸಿಕೊಂಡೆ. ಅವರು ದಿನಕ್ಕೆ ಎರಡು ಮೈಲಿ ನಡೆಯಬಲ್ಲವರಾದರೆ, ನೆಲದಲ್ಲಿ ಕೂತು ಆಸರೆಯಿಲ್ಲದೆ ಏಳಬಲ್ಲವರಾದರೆ ಧಾರಾಳವಾಗಿ ಕರೆದುಕೊಂಡು ಹೋಗಿ. ಅವರ ವೈದ್ಯರಿಗೆ ‘ಎರಡು ದಿನ ಆಸ್ಪತ್ರೆ ಸಿಗದ ಜಾಗ’ ಎಂದೇ ಹೇಳಿ ಕೇಳಿ, ‘ಪಿಕ್ನಿಕ್’ ಎನ್ನಬೇಡಿ. ದೋಣಿಯ ಸೀಟಿಗೆ ಸಿಕ್ಕಿಸುವ ಬೆನ್ನಾಸರೆ, ಬಿಡಾರಕ್ಕೆ ಒಂದು ಮಡಚುವ ಕುರ್ಚಿ, ಅಗಲ ಅಂಚಿನ ಟೋಪಿ, ರಾತ್ರಿ ಏಳುವಾಗ ಕೈಗೆ ಸಿಗುವಂತೆ ಟಾರ್ಚ್. ಹೊಳೆಗೆ ಇಳಿಯುವಾಗ ಒಬ್ಬರು ತೋಳು ಹಿಡಿಯಬೇಕು, ಅವರು ಬೇಡವೆಂದರೂ. ಮಾತ್ರೆಗಳನ್ನು ಎರಡು ಪಾಲು ಮಾಡಿ, ನೀರು ಹೋಗದ ಎರಡು ಚೀಲಗಳಲ್ಲಿ, ಎರಡು ಬೇರೆ ದೋಣಿಗಳಲ್ಲಿಡಿ, ಮತ್ತು ಆರನೆಯ ದಿನದ ಮಾತ್ರೆಯನ್ನೂ ಎಣಿಸಿ ಹಾಕಿ.